ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಎನ್ನುವ ವಿಡಿಯೋ ಮತ್ತೆ ಬಂದಿದೆ. ಇಂಥದ್ದು ಎಲ್ಲಿ ಹುಟ್ಟುತ್ತದೆ, ಯಾಕೆ ಸಾಯುವುದಿಲ್ಲ?

ಎಡದಂಡೆ ಕಾಲುವೆ
ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಕಡೆಯವನು. ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಈ ವಾರ ಒಂದು ವಿಡಿಯೋ ಬಂತು. ಯಾರೋ ಹೆಂಗಸು ರೇಷನ್ ಅಕ್ಕಿ ತೊಳೆಯುತ್ತಿದ್ದಾರೆ. ಕೆಲವು ಕಾಳು ನೀರಿನ ಮೇಲೆ ತೇಲುತ್ತವೆ. ಅವನ್ನು ಆರಿಸಿ ಒಲೆಯ ಮೇಲೆ ಸುಟ್ಟು ತೋರಿಸುತ್ತಾರೆ. ಹಿಂದಿನಿಂದ ಒಬ್ಬ ಗಂಡಸಿನ ದನಿ: ಇದು ಚೀನಾದ ಪ್ಲಾಸ್ಟಿಕ್ ಅಕ್ಕಿ, ಬಡವರಿಗೆ ಇದನ್ನೇ ಕೊಡುತ್ತಿದ್ದಾರೆ, ಕೂಡಲೇ ಎಲ್ಲರಿಗೂ ಕಳಿಸಿ. ಮಾತು ತೆಲುಗು, ಮೇಲೆ ಕನ್ನಡ ಅಕ್ಷರ ಅಂಟಿಸಿದ್ದಾರೆ. ಊರು ಯಾವುದು, ಯಾವಾಗಿನದು, ಒಂದೂ ಇಲ್ಲ.

ಮರುದಿನ ನೋಡಿದರೆ ನಮ್ಮವ್ವ ಡಬ್ಬಿಯಲ್ಲಿದ್ದ ರೇಷನ್ ಅಕ್ಕಿಯನ್ನೆಲ್ಲ ಕೋಳಿಗೆ ಹಾಕಿದ್ದಾಳೆ. ಕೇಳಿದರೆ, "ಯಪ್ಪಾ, ಅದನ್ನ ತಿಂದ್ರ ಹೊಟ್ಟಿಯಾಗ ಗಡ್ಡಿ ಆಗತೈತಂತ" ಎಂದಳು. ಭತ್ತದ ಕಣಜ ಎಂದು ಹೆಸರಾದ ಊರು ನಮ್ಮದು. ಮನೆ ಹಿಂದೆ ಗದ್ದೆ, ರಸ್ತೆ ದಾಟಿದರೆ ಮಿಲ್ಲು. ಹುಟ್ಟಿದಾಗಿನಿಂದ ಅಕ್ಕಿ ಕೇರಿದವರೇ ಇದನ್ನು ನಂಬಿದರೆ ಏನು ಹೇಳುವುದು?

ಗ್ರೂಪಿನಲ್ಲಿ "ಇದು ಸುಳ್ಳು" ಎಂದು ಹಾಕಿದೆ. ಒಬ್ಬರು "ಸರ್ಕಾರದಿಂದ ಎಷ್ಟು ಬಂತು?" ಎಂದರು. ಉಳಿದವರು ಹೆಬ್ಬೆರಳು ಎತ್ತಿದರು, ನನಗಲ್ಲ, ಅವರಿಗೆ. ಇದು ಹೇಗೆ ಹರಡುತ್ತದೆ, ಮನೆಯವರಿಗೆ ಹೇಗೆ ತಿಳಿಸುವುದು, ಗೊತ್ತಿದ್ದವರು ಹೇಳಿ.

ಮಿರ್ಚಿ ಒಗ್ಗರಣೆ
ಇದಕ್ಕಿನ್ನೂ ಜೀವ ಇದೆಯಾ? 2017ರಲ್ಲೇ ನೋಡಿದ್ದೆ. ಆಗ ಅನ್ನದ ಉಂಡೆ ಕಟ್ಟಿ ನೆಲಕ್ಕೆ ಎಸೆದು ಪುಟಿಸುತ್ತಿದ್ದರು.

ಕಾರಟಗಿ ಮಿಲ್
ಮಿಲ್ಲಿನಲ್ಲಿ ಕೆಲಸ ಮಾಡುವವನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ತೇಲುವ ಕಾಳು ಸುಳ್ಳಲ್ಲ. ರೇಷನ್ ಅಕ್ಕಿಯಲ್ಲಿ ನಿಜವಾಗಿಯೂ ಬೇರೆ ಥರದ ಕಾಳು ಇರುತ್ತದೆ. ಅದಕ್ಕೆ ನಾವು ಎಫ್‌ಆರ್‌ಕೆ ಅನ್ನುತ್ತೇವೆ. ಸರ್ಕಾರದ ಕಾಗದದಲ್ಲಿ ಸಾರವರ್ಧಿತ ಅಕ್ಕಿ. ನುಚ್ಚಕ್ಕಿಯನ್ನು ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣದ ಅಂಶ, ಫೋಲಿಕ್ ಆ್ಯಸಿಡ್, ವಿಟಮಿನ್ ಬಿ12 ಸೇರಿಸಿ ನಾದುತ್ತಾರೆ. ಆಮೇಲೆ ಶಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ, ಅಕ್ಕಿ ಕಾಳಿನ ಆಕಾರಕ್ಕೆ ಕತ್ತರಿಸಿ ಒಣಗಿಸುತ್ತಾರೆ. 100 ಕೆಜಿ ಅಕ್ಕಿಗೆ 1 ಕೆಜಿ ಲೆಕ್ಕದಲ್ಲಿ ಮಿಲ್ಲಿನಲ್ಲೇ ಬೆರೆಸುತ್ತಾರೆ. ಒತ್ತಿ ಮಾಡಿದ ಕಾಳು, ಹಾಗಾಗಿ ಬಣ್ಣ ಸ್ವಲ್ಪ ಬೇರೆ. ತೊಳೆಯುವಾಗ ಕೆಲವು ಮೇಲೆ ಬರುತ್ತವೆ. ಅಷ್ಟೇ ವಿಷಯ.

ಇನ್ನು ಸುಡುವ ಪರೀಕ್ಷೆ. ಯಾವ ಅಕ್ಕಿ ಸುಟ್ಟರೂ ಕರಿ ಆಗುತ್ತದೆ. ಪ್ಲಾಸ್ಟಿಕ್ ಆಗಿದ್ದರೆ ಮೊದಲು ಕರಗಿ ಎಳೆ ಎಳೆಯಾಗಿ ಅಂಟುತ್ತಿತ್ತು. ಪುಟಿಯುವ ಉಂಡೆಯೂ ಅಷ್ಟೇ, ಅನ್ನದ ಪಿಷ್ಟ ಅಂಟಾಗಿರುತ್ತದೆ, ಬಿಗಿಯಾಗಿ ಕಟ್ಟಿದರೆ ಪುಟಿಯುತ್ತದೆ. ನಮ್ಮ ಸೋನಾ ಮಸೂರಿಯಲ್ಲೇ ಮಾಡಿ ನೋಡಿ.

ಕೊನೆಗೆ ವ್ಯಾಪಾರದ ಮಾತು. ಒಂದು ಕೆಜಿ ಪ್ಲಾಸ್ಟಿಕ್ ಹರಳಿನ ಬೆಲೆ ಕೇಳಿ, ಒಂದು ಕೆಜಿ ರೇಷನ್ ಅಕ್ಕಿಯ ಬೆಲೆ ಕೇಳಿ. ಜಾಸ್ತಿ ಬೆಲೆಯದ್ದನ್ನು ಕಡಿಮೆ ಬೆಲೆಯದ್ದರಲ್ಲಿ ಬೆರೆಸಿ ನಷ್ಟ ಮಾಡಿಕೊಳ್ಳುವ ಕಳ್ಳನನ್ನು ನಾನಂತೂ ನೋಡಿಲ್ಲ.

ಎಡದಂಡೆ ಕಾಲುವೆ
ಕಾರಟಗಿ ಅಣ್ಣ, ಅಂದರೆ ಅವ್ವ ಕಂಡ ಕಾಳು ನಿಜವೇ! ನಾನು ಸುಮ್ನೆ "ಸುಳ್ಳು ಸುಳ್ಳು" ಅನ್ನುತ್ತಿದ್ದರೆ ಅವಳು ಹೇಗೆ ಒಪ್ಪುತ್ತಾಳೆ?

ಸಿಂಧನೂರು ಮೇಷ್ಟ್ರು
ಅಲ್ಲೇ ಇರುವುದು ಗಂಟು. ಪೂರ್ತಿ ಸುಳ್ಳು ಜಾಸ್ತಿ ದೂರ ಹೋಗುವುದಿಲ್ಲ. ಕಣ್ಣಿಗೆ ಕಾಣುವ ಒಂದು ನಿಜ ಬೇಕು, ಅದಕ್ಕೆ ಅರ್ಥ ಹೇಳುವವರು ಇರಬಾರದು. ಆಗ ಮೊದಲು ಬಂದವನು ಹೇಳಿದ್ದೇ ಅರ್ಥ.

2021ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಈ ಅಕ್ಕಿಯ ಯೋಜನೆ ಪ್ರಕಟಿಸಿದರು. 2024ರ ಹೊತ್ತಿಗೆ ರೇಷನ್, ಬಿಸಿಯೂಟ, ಅಂಗನವಾಡಿ ಎಲ್ಲಕ್ಕೂ ಇದೇ ಅಕ್ಕಿ ಎಂದಾಯಿತು. ಆದರೆ ಅಕ್ಕಿ ತೊಳೆಯುವ ಹೆಂಗಸರಿಗೆ ಯಾರು ಹೇಳಿದರು? ರೇಷನ್ ಅಂಗಡಿಯ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದರೆ ಮುಗಿಯಿತಾ? ನಮ್ಮ ಶಾಲೆಯ ಅಡುಗೆಯಮ್ಮ ಈ ಕಾಳನ್ನು ಹೊಟ್ಟು ಎಂದುಕೊಂಡು ಒಂದೊಂದೇ ಆರಿಸಿ ಚೆಲ್ಲುತ್ತಿದ್ದರು. ಮಕ್ಕಳಿಗೆ ರಕ್ತ ಕಡಿಮೆ ಎಂದು ಕೊಟ್ಟ ಕಬ್ಬಿಣದ ಅಂಶ ಚರಂಡಿಗೆ.

ಬಳ್ಳಾರಿ ಬಿಸಿಲು
ಎಲ್ಲರೂ ಸೇರಿ ಜನರನ್ನು ದಡ್ಡರು ಎನ್ನುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ನನ್ನನ್ನು ಕೇಳದೆ ನನ್ನ ಅನ್ನಕ್ಕೆ ಔಷಧಿ ಬೆರೆಸುವ ಅಧಿಕಾರ ಯಾರು ಕೊಟ್ಟರು? ಥಲಸ್ಸೀಮಿಯಾ ಎನ್ನುವ ರಕ್ತದ ಕಾಯಿಲೆ ಇದ್ದವರು ಇದನ್ನು ವೈದ್ಯರನ್ನು ಕೇಳದೆ ತಿನ್ನಬಾರದು ಎಂದು ಮೊದಲು ಚೀಲದ ಮೇಲೆ ಬರೆಯಬೇಕಿತ್ತು. ಆಮೇಲೆ ಆ ಸಾಲು ತೆಗೆದರು. ಇದೂ ಸುಳ್ಳು ಸುದ್ದಿಯಾ? ನಿಮಗೆ ಬೇಡವಾದದ್ದೆಲ್ಲ ಸುಳ್ಳು ಎಂದುಬಿಟ್ಟರೆ ಬಹಳ ಸುಲಭ.

ರಾಯಚೂರು ಲ್ಯಾಬ್
ಬಿಸಿಲು ಅವರೇ, ನೀವು ಹೇಳಿದ್ದು ಸುಳ್ಳಲ್ಲ. 2018ರ ಆಹಾರ ಸುರಕ್ಷತಾ ನಿಯಮದಲ್ಲಿ ಆ ಎಚ್ಚರಿಕೆ ಇತ್ತು. ಥಲಸ್ಸೀಮಿಯಾ, ಸಿಕಲ್ ಸೆಲ್ ಕಾಯಿಲೆ ಇದ್ದವರಿಗೆ ಕಬ್ಬಿಣದ ಅಂಶದ ವಿಷಯದಲ್ಲಿ ಜಾಗ್ರತೆ ಬೇಕು ಎಂದು. ಸಮಿತಿ ಪರಿಶೀಲಿಸಿ ಅಪಾಯವಿಲ್ಲ ಎಂದ ಮೇಲೆ 2024ರಲ್ಲಿ ಆ ಸಾಲು ಕೈಬಿಟ್ಟರು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಕೇಳಬೇಕಾದ ಪ್ರಶ್ನೆಯೇ.

ಆದರೆ ನೋಡಿ, ಪ್ಲಾಸ್ಟಿಕ್ ಎನ್ನುವ ಗಲಾಟೆಯಲ್ಲಿ ನಿಮ್ಮ ಪ್ರಶ್ನೆ ಮುಳುಗಿ ಹೋಗುತ್ತದೆ. ಅಧಿಕಾರಿಗಳಿಗೂ ಅದು ಅನುಕೂಲ. "ಪ್ಲಾಸ್ಟಿಕ್ ಇಲ್ಲ" ಎಂದು ಒಂದು ಪ್ರಕಟಣೆ ಕೊಟ್ಟು ಎದ್ದು ಹೋಗಬಹುದು. ನಿಜವಾದ ಪ್ರಶ್ನೆಗೆ ಉತ್ತರ ಕೊಡುವ ಕಷ್ಟವೇ ಇಲ್ಲ.

ಬಳ್ಳಾರಿ ಬಿಸಿಲು
ಇದನ್ನು ಒಪ್ಪುತ್ತೇನೆ. ಔಷಧಿ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ.

ಕುಷ್ಟಗಿ ಅಕ್ಕ
ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ಇಂಥ ವಿಡಿಯೋ ಬಂದ ವಾರ ನಮ್ಮ ಪಾಡು ಕೇಳಬೇಡಿ. ತಾಯಂದಿರು ಮಕ್ಕಳನ್ನು ಕಳಿಸುತ್ತಾರೆ, "ಅನ್ನ ಮಾತ್ರ ಹಾಕಬ್ಯಾಡ್ರಿ ಟೀಚರ್" ಅನ್ನುತ್ತಾರೆ. ಬೈದರೆ ಪ್ರಯೋಜನ ಇಲ್ಲ. ನಾನು ಮಾಡಿದ್ದು ಇಷ್ಟೇ. ನಾಲ್ಕೈದು ತಾಯಂದಿರನ್ನು ಕೂರಿಸಿಕೊಂಡು, ಆ ಕಾಳನ್ನಷ್ಟೇ ಆರಿಸಿ ಅವರ ಕೈಯಲ್ಲೇ ಬಿಸಿನೀರಿನಲ್ಲಿ ನೆನೆಸಿಸಿದೆ. ಸ್ವಲ್ಪ ಹೊತ್ತಿಗೆ ಬೆರಳಲ್ಲಿ ಹಿಸುಕಿದರೆ ಹಿಟ್ಟಾಯಿತು. ಒಬ್ಬಾಕೆ ಬಾಯಿಗೆ ಹಾಕಿಕೊಂಡು "ಅಕ್ಕಿ ಹಿಟ್ಟೇ ಐತಲ್ರೀ" ಅಂದಳು. ಆಕೆ ಊರಿಗೆಲ್ಲ ಹೇಳಿದಳು. ನಾನು ಹೇಳಿದ್ದರೆ ಕೆಲಸಕ್ಕೆ ಹೇಳುತ್ತಾಳೆ ಅಂತಿದ್ದರು.

ಮಿರ್ಚಿ ಒಗ್ಗರಣೆ
ಅಕ್ಕಾರೆ, ನಿಮ್ಮನ್ನು ಆಹಾರ ಇಲಾಖೆಗೆ ಸೇರಿಸಬೇಕು.

ಕುಷ್ಟಗಿ ಅಕ್ಕ
ಇರುವ ಗೌರವಧನ ಸರಿಯಾಗಿ ಬರಲಿ ಸಾಕು ತಮ್ಮಾ.

ಮೊಬೈಲ್ ಅಂಗಡಿ
ರಾಯಚೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ನನ್ನದು. "ಫೋನ್ ಹ್ಯಾಂಗ್ ಆಗುತ್ತದೆ" ಎಂದು ತರುತ್ತಾರೆ. ತೆಗೆದರೆ ಶುಭೋದಯದ ಹೂವು ಮತ್ತು ಇಂಥ ವಿಡಿಯೋ, ಮೆಮೊರಿ ತುಂಬಿರುತ್ತದೆ.

ಎಲ್ಲಿ ಹುಟ್ಟುತ್ತದೆ ಎಂದು ಕೇಳಿದಿರಿ. ಬಹುತೇಕ ಯಾರೂ ಹೊಸದಾಗಿ ಮಾಡುವುದೇ ಇಲ್ಲ. ಹಳೆಯದನ್ನು ಎತ್ತಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಅಕ್ಕಿ ತಯಾರಿಸುವ ಕಾರ್ಖಾನೆ ಎಂದು ಒಂದು ವಿಡಿಯೋ ಬರುತ್ತದಲ್ಲ, ಅದು ಹಳೇ ಪ್ಲಾಸ್ಟಿಕ್ ಚೀಲ ಕರಗಿಸಿ ಹರಳು ಮಾಡುವ ಯಂತ್ರ. ಆ ಹರಳಿನಿಂದ ಮತ್ತೆ ಕೊಡ, ಪೈಪು ಮಾಡುತ್ತಾರೆ. ಮೂಲ ದನಿ ತೆಗೆದು ತಮ್ಮ ದನಿ ಹಾಕಿದರೆ ಅಕ್ಕಿ ಕಾರ್ಖಾನೆ ಆಯಿತು. ಮೂಲೆಯಲ್ಲಿದ್ದ ಹೆಸರು ಕತ್ತರಿಸುತ್ತಾರೆ. ಕೈಯಿಂದ ಕೈಗೆ ಹೋಗಿ ಚಿತ್ರ ಮಸುಕಾಗುತ್ತದೆ. ಮಸುಕಾದಷ್ಟೂ ಜನ ನಂಬುತ್ತಾರೆ, ಯಾರೋ ಕದ್ದು ತೆಗೆದದ್ದು ಎಂದುಕೊಂಡು.

ದುಡ್ಡೂ ಇದೆ. ಯೂಟ್ಯೂಬ್ ಚಾನೆಲ್ಲಿಗೆ ನೋಡುವವರು ಬೇಕು. "ಅನ್ನ ತಿನ್ನುವ ಮೊದಲು ಇದನ್ನು ನೋಡಿ" ಎಂದರೆ ಯಾರು ಒತ್ತುವುದಿಲ್ಲ? ಅಕ್ಕಿ ಸರಿ ಇದೆ ಎಂದು ವಿಡಿಯೋ ಮಾಡಿದರೆ ಅದನ್ನು ಮಾಡಿದವನ ಹೆಂಡತಿಯೂ ನೋಡುವುದಿಲ್ಲ. ಇನ್ನು ಕೆಲವರು ಕೆಳಗೆ ಲಿಂಕ್ ಇಡುತ್ತಾರೆ. ಅದೇ ದಾರಿಯಲ್ಲಿ ಪಿಎಂ ಕಿಸಾನ್ ಹೆಸರಿನ ನಕಲಿ ಎಪಿಕೆ ಬರುತ್ತದೆ.

ತೊಗರಿ ಹೊಲ
ಎಪಿಕೆ ಅಂದರೇನು? ನನಗೂ ಒಂದು ಬಂದಿದೆ.

ಮೊಬೈಲ್ ಅಂಗಡಿ
@ತೊಗರಿ ಹೊಲ ಒತ್ತಬೇಡಿ! ಅದು ಆ್ಯಪ್ ಕೂರಿಸುವ ಫೈಲ್. ಪ್ಲೇ ಸ್ಟೋರ್ ಬಿಟ್ಟು ವಾಟ್ಸಾಪಿನಲ್ಲಿ ಬಂದ ಎಪಿಕೆ ಯಾವುದೇ ಇರಲಿ, ಅಳಿಸಿ. ಕೂರಿಸಿದರೆ ನಿಮ್ಮ ಮೆಸೇಜು, ಓಟಿಪಿ ಎಲ್ಲ ಅವರ ಕೈಗೆ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ತೊಗರಿ ಹೊಲ
ಅಳಿಸಿದೆ. ಕಳಿಸಿದ್ದು ನಮ್ಮ ಮಾವನೇ. ಅವನಿಗೂ ಹೇಳುತ್ತೇನೆ.

ಮುನಿರಾಬಾದ್ ಕ್ವಾರ್ಟರ್ಸ್
ನೀವೆಲ್ಲ ಅಕ್ಕಿ ಮಾತಾಡುತ್ತಿದ್ದೀರಿ. 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ಟಿಬಿ (ತುಂಗಭದ್ರಾ) ಡ್ಯಾಂ ಒಡೆದ ದಿನ. ನಾವು ಡ್ಯಾಂ ಪಕ್ಕದವರು, ನಮಗೆ ಸದ್ದು ಗದ್ದಲದಿಂದ ಗೊತ್ತಾಯಿತು. ಆದರೆ ಬೆಳಗಾಗುವಷ್ಟರಲ್ಲಿ ಎಲ್ಲೆಲ್ಲಿಂದಲೋ ಫೋನು. ಬೆಂಗಳೂರಿನ ತಮ್ಮ "ಅಣ್ಣಾ, ಮುನಿರಾಬಾದ್ ಮುಳುಗಿದೆಯಂತೆ, ಬದುಕಿದ್ದೀರಾ?" ಎಂದು ಅಳುತ್ತಿದ್ದ. ನಾನು ಚಹಾ ಕುಡಿಯುತ್ತಿದ್ದೆ.

ಗ್ರೂಪಿನಲ್ಲಿ ಬಂದ ವಿಡಿಯೋ ನೋಡಿದರೆ, ಕಟ್ಟೆ ಕೊಚ್ಚಿ ಹೋಗುತ್ತಿದೆ, ಆದರೆ ಸುತ್ತ ಮಂಜಿನ ಬೆಟ್ಟ, ತೆಂಗೂ ಇಲ್ಲ ಬಾಳೆಯೂ ಇಲ್ಲ. ನಮ್ಮ ಗುಂಡುಕಲ್ಲಿನ ಗುಡ್ಡ ಯಾರಿಗೆ ಗೊತ್ತಾಗುವುದಿಲ್ಲ? ಆದರೂ ಹೊಸಪೇಟೆ, ಕೊಪ್ಪಳದವರೇ ಫಾರ್ವರ್ಡ್ ಮಾಡಿದ್ದರು.

ಸಿರುಗುಪ್ಪ ರೈತ
ಸ್ವಲ್ಪ ತಾಳಿ. "ಡ್ಯಾಂ ಒಡೆದ ದಿನ" ಎಂದು ನೀವೇ ಬರೆದಿದ್ದೀರಲ್ಲ! ಡ್ಯಾಂ ಒಡೆದಿಲ್ಲ. 33 ಕ್ರೆಸ್ಟ್ ಗೇಟುಗಳಲ್ಲಿ 19ನೇ ಗೇಟಿನ ಚೈನು ತುಂಡಾಯಿತು, ಗೇಟು ಕೊಚ್ಚಿ ಹೋಯಿತು. ಕಟ್ಟೆಗೆ ಏನೂ ಆಗಿಲ್ಲ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಸುಳ್ಳು ಹರಡುವುದು ಹೀಗೇ ನೋಡಿ, ಸುಳ್ಳಿನ ಬಗ್ಗೆ ಹೇಳುವ ಮಾತಿನೊಳಗೇ ಕೂತು ಬರುತ್ತದೆ.

ಮುನಿರಾಬಾದ್ ಕ್ವಾರ್ಟರ್ಸ್
ಮಾತಿಗೆ ಹಾಗೆ ಅನ್ನುತ್ತೇವಪ್ಪಾ, ಇಲ್ಲಿ ಎಲ್ಲರೂ ಹಾಗೇ ಅನ್ನುವುದು. ಅಧಿಕಾರಿಗಳ ಪ್ರಕಟಣೆ ಬರೆಯುತ್ತಿಲ್ಲ ನಾನು.

ಸಿರುಗುಪ್ಪ ರೈತ
ಕೆಳಗಿನ ಹಳ್ಳಿಯವರಿಗೆ ಆ ಎರಡು ಮಾತಿನ ನಡುವೆ ಒಂದು ರಾತ್ರಿಯ ನಿದ್ದೆ ಇದೆ ಅಣ್ಣ.

ಅವತ್ತು ಜನ ಗಾಬರಿಯಾದದ್ದು ತಪ್ಪು ಎನ್ನಲಾರೆ. ಜಲಾಶಯ ತುಂಬಿತ್ತು, 105 ಟಿಎಂಸಿ. ಖಾಲಿಯಾದರೆ ಭತ್ತದ ಗತಿ ಏನು? ರಾತ್ರಿ ಹೊತ್ತು, ಅಧಿಕೃತ ಮಾತು ಬೇಗ ಬರಲಿಲ್ಲ. ಆ ಗಂಟೆಗಳಲ್ಲಿ ಯಾರು ಮಾತಾಡಿದರೂ ಅವರೇ ಅಧಿಕಾರಿ. ಆಮೇಲೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿ ನೀರು ನಿಲ್ಲಿಸಿತಲ್ಲ, ಆ ಸುದ್ದಿ ನಿಜವಾಗಿದ್ದೂ ಅಷ್ಟು ಫಾರ್ವರ್ಡ್ ಆಗಲಿಲ್ಲ ಎಂದು ನನ್ನ ಲೆಕ್ಕ.

ತುಂಗಭದ್ರೆ ತೀರ
ಫಾರ್ವರ್ಡ್ ಆಯಿತಲ್ಲ! ನಾನೇ ಎಷ್ಟು ಜನರಿಗೆ ಕಳಿಸಿದೆ. ನಾಯ್ಡು ಅವರ ಫೋಟೋಗೆ ಹಾಲಿನ ಅಭಿಷೇಕ ಒಂದು ಬಾಕಿ.

ಸಿರುಗುಪ್ಪ ರೈತ
ಸರಿ ಬಿಡಿ. ನಮ್ಮ ಕಡೆ ಇದಕ್ಕಿಂತ ಕೆಟ್ಟದ್ದು ಒಂದಿದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೇ ಬೆಳೆಗೆ ನೀರು ಬಿಡುತ್ತಾರಾ ಇಲ್ಲವಾ ಎಂದು ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ ಆಗುತ್ತದಲ್ಲ, ಅದಕ್ಕೆ ಮೊದಲೇ "ಸಭೆ ಮುಗಿಯಿತು, ಇಂಥ ದಿನದವರೆಗೆ ನೀರು" ಎಂದು ಸಂದೇಶ ಬರುತ್ತದೆ. ಕೆಲವೊಮ್ಮೆ ಹಿಂದಿನ ವರ್ಷದ ಪತ್ರವನ್ನೇ ದಿನಾಂಕ ಕಾಣದ ಹಾಗೆ ಫೋಟೋ ಹೊಡೆದು ಹಾಕುತ್ತಾರೆ. ಅದನ್ನು ನಂಬಿ ಸಸಿ ಮಡಿ ಹಾಕಿದವರಿದ್ದಾರೆ. ಬೀಜ, ಗೊಬ್ಬರ, ಆಳು, ಎಲ್ಲ ಸಾಲದ್ದು. ಮೆಣಸಿನಕಾಯಿಯದ್ದೂ ಇದೇ ಕಥೆ. "ನಾಳೆ ಬ್ಯಾಡಗಿಯಲ್ಲಿ ರೇಟು ಬೀಳುತ್ತದೆ" ಎಂದು ಒಂದು ವಾಯ್ಸ್ ಮೆಸೇಜ್ ಬಂದರೆ ಸಾಕು, ಊರಿಗೆ ಬಂದ ದಲ್ಲಾಳಿ ಕೇಳಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಆ ದನಿ ಯಾರದು? ಯಾರಿಗೆ ಲಾಭ ಆಯಿತೋ ಅವರನ್ನು ಕೇಳಬೇಕು.

ಎಡದಂಡೆ ಕಾಲುವೆ
ಹೌದು! ನಮ್ಮ ಕಡೆಯೂ ಐಸಿಸಿ ಪತ್ರ ಬಂದಿತ್ತು. ಕೆಳಗೆ ಸೀಲು, ಸಹಿ ಎಲ್ಲ ಇತ್ತು.

ಓದುವ ಹುಚ್ಚು
ಇದರ ಬಗ್ಗೆ ಒಳ್ಳೆಯ ಅಧ್ಯಯನ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಮಾಡಿದ್ದು, 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 2006ರಿಂದ 2017ರವರೆಗೆ ಟ್ವಿಟ್ಟರಿನಲ್ಲಿ ಓಡಾಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿದರು. ಸುಳ್ಳು ಸುದ್ದಿ ಮರುಹಂಚಿಕೆ ಆಗುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಜಾಸ್ತಿ. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕಾಯಿತು. ಯಂತ್ರದ ಖಾತೆಗಳನ್ನು ಲೆಕ್ಕದಿಂದ ತೆಗೆದರೂ ಫಲಿತಾಂಶ ಅದೇ. ಅಂದರೆ ಹರಡುತ್ತಿರುವುದು ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಇರುತ್ತದೆ, ಅಚ್ಚರಿ, ಅಸಹ್ಯ ಇರುತ್ತದೆ. ಹೊಸದನ್ನು ಮೊದಲು ಹೇಳಿದವರಿಗೆ ಒಂದು ಗತ್ತು ಅಲ್ವಾ?

ಬಳ್ಳಾರಿ ಬಿಸಿಲು
ಟ್ವಿಟ್ಟರ್ ಬೇರೆ, ವಾಟ್ಸಾಪ್ ಬೇರೆ. ಅಲ್ಲಿ ಗುರುತಿಲ್ಲದವನು ಬರೆಯುತ್ತಾನೆ. ಇಲ್ಲಿ ಸ್ವಂತ ಅತ್ತೆ ಕಳಿಸುತ್ತಾಳೆ. ನಿಮ್ಮ ಎಂಐಟಿಯವರು ನಮ್ಮ ಅತ್ತೆಯನ್ನು ಅಳೆದಿಲ್ಲ.

ಓದುವ ಹುಚ್ಚು
ಒಳ್ಳೆಯ ಮಾತು, ನಿಜ. ವಾಟ್ಸಾಪಿನಲ್ಲಿ ಹೊರಗಿನವರು ನೋಡಿ ಎಣಿಸಲು ಆಗುವುದಿಲ್ಲ. ಆದರೆ ಅತ್ತೆ ಕಳಿಸಿದ್ದು ಜಾಸ್ತಿ ನಂಬಿಕೆಯದ್ದಾಗುತ್ತದೆ, ಕಡಿಮೆ ಅಲ್ಲ. ಜೊತೆಗೆ ಅದೇ ವಿಡಿಯೋ ಅತ್ತೆಯಿಂದ, ಓಣಿ ಗ್ರೂಪಿನಿಂದ, ಹಳೇ ವಿದ್ಯಾರ್ಥಿಗಳ ಗ್ರೂಪಿನಿಂದ ಬರುತ್ತದೆ. ಒಂದೇ ಮಾತು ಪದೇ ಪದೇ ಕಿವಿಗೆ ಬಿದ್ದರೆ ಮನಸ್ಸು ಅದನ್ನು ನಿಜದ ಕಡೆ ತಳ್ಳುತ್ತದೆ ಎಂದು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಮೂವರು ಹೇಳಿದರು ಅನ್ನಿಸುತ್ತದೆ, ಮೂಲ ಒಂದೇ.

ಸಿಂಧನೂರು ಮೇಷ್ಟ್ರು
ಪ್ರೀತಿಯಿಂದ ಕಳಿಸಿದ್ದೇ ಜೀವಕ್ಕೆ ಬರಬಹುದು. 2021ರ ಏಪ್ರಿಲ್‌ನಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಎಂದು ಹಬ್ಬಿತ್ತಲ್ಲ. ನಮ್ಮ ಸಿಂಧನೂರಿನಲ್ಲೇ ಒಬ್ಬ ಶಿಕ್ಷಕರು ಹಾಗೆ ಮಾಡಿಕೊಂಡ ಮೇಲೆ ತೀರಿಕೊಂಡರು ಎಂದು ಪತ್ರಿಕೆಗಳು ಬರೆದವು. ಓದಿದವರು, ಪಾಠ ಹೇಳುವವರು. ಹಾಗಾಗಿ ಹಳ್ಳಿಯವರು ನಂಬುತ್ತಾರೆ, ಓದಿದವರು ನಂಬುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ದಿನಗಳಲ್ಲಿ ನಿಂಬೆಹಣ್ಣು ಕೈಗೆ ಸಿಗುತ್ತಿತ್ತು. ಜನ ಸಿಕ್ಕಿದ್ದನ್ನು ಹಿಡಿದರು.

ಕಲ್ಯಾಣ ರಸ್ತೆ
ನಾನು ರಾಯಚೂರಿನವನು, ಬೀದರ್ ಕಡೆ ಓಡಾಡುವ ಕೆಲಸ. 2018ರ ಜುಲೈ 13, ಬೀದರ್ ಜಿಲ್ಲೆಯ ಮುರ್ಕಿ. ನೆನಪಿರುವವರು ಎಷ್ಟು ಜನ? ಹೈದರಾಬಾದಿನಿಂದ ಬಂದ ಕೆಲವು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದು ಗಲಾಟೆ ಶುರು. ಅವರು ಕಾರು ಹತ್ತಿ ಹೊರಟರು. ಅಷ್ಟರಲ್ಲಿ ವಿಡಿಯೋ ವಾಟ್ಸಾಪಿನಲ್ಲಿ ಮುಂದಿನ ಊರಿಗೆ ಹೋಗಿತ್ತು. ಮುರ್ಕಿಯಲ್ಲಿ ರಸ್ತೆ ಅಡ್ಡ ಹಾಕಿ ಕಾಯುತ್ತಿದ್ದರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಹೆಣವಾದ. ಕಾರಿಗಿಂತ ಮೆಸೇಜು ಮುಂದೆ ಓಡಿತು.

ಆ ವರ್ಷ ದೇಶದ ತುಂಬ ಓಡಾಡಿದ ಮಕ್ಕಳ ಕಳ್ಳರ ವಿಡಿಯೋ ಇತ್ತಲ್ಲ, ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವುದು, ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದರು. ಅಷ್ಟೇ ಮಾಡಿದ್ದು. ಕತ್ತರಿ ಹಾಕಿದವನ ಹೆಸರು ಇವತ್ತಿಗೂ ನಮಗೆ ಯಾರಿಗೂ ಗೊತ್ತಿಲ್ಲ, ಒದೆ ತಿಂದವರು ಮಾತ್ರ ಸಿಕ್ಕರು.

ಕುಷ್ಟಗಿ ಅಕ್ಕ
ಆ ದಿನಗಳಲ್ಲಿ ನಮ್ಮ ಕಡೆ ಬುಟ್ಟಿ ಮಾರುವವರು, ಬಳೆ ಮಾರುವವರು ಊರೊಳಗೆ ಬರಲು ಹೆದರುತ್ತಿದ್ದರು. ಇದು ಯಾವ ಪೇಪರಿನಲ್ಲೂ ಬರಲಿಲ್ಲ.

ಮೊಬೈಲ್ ಅಂಗಡಿ
ಅದೇ ಜುಲೈನಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ 5 ಕಡೆ ಮಾತ್ರ ಫಾರ್ವರ್ಡ್ ಎಂದು ಕಟ್ಟು ಹಾಕಿತು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಎಂದಾಯಿತು. ಎರಡು ಬಾಣದ ಗುರುತು ಬರುತ್ತದಲ್ಲ, ಅದೇ. ಅಂಥ ಸಂದೇಶಗಳ ಫಾರ್ವರ್ಡ್ ಶೇ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿತು. ಎರಡು ಬಾಣ ಕಂಡರೆ ಮೊದಲು ಅನುಮಾನಿಸಿ.

ಮಿರ್ಚಿ ಒಗ್ಗರಣೆ
ನಮ್ಮ ಕಾಕಾ ಎರಡು ಬಾಣ ಕಂಡರೆ "ಬಹಳ ಜನ ಕಳಿಸ್ಯಾರ, ಖರೇನ ಇರಬೇಕು" ಅನ್ನುತ್ತಾನೆ. ಈಗೇನು ಮಾಡೋಣ?

ಮೊಬೈಲ್ ಅಂಗಡಿ
ಕಾಕಾನಿಗೆ ಕೀಪ್ಯಾಡ್ ಫೋನ್ ಕೊಡಿಸಿ.

ನಾಳೆ ಬಾ
ಕೀಪ್ಯಾಡ್ ಫೋನಿನಿಂದ ಏನೂ ಆಗುವುದಿಲ್ಲ ಎಂದು ಯಾರು ಹೇಳಿದ್ದು? 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ಹತ್ತಿ ಓಡಿದರಲ್ಲ, ಅದು ಹಲ್ಲೆ ಆಗುತ್ತದೆ ಎಂದು ಹೆದರಿಸಿದ ಎಸ್‌ಎಂಎಸ್ ಕೆಲಸ. ಕೊನೆಗೆ ಸರ್ಕಾರ 15 ದಿನ ದಿನಕ್ಕೆ 5 ಎಸ್‌ಎಂಎಸ್ ಎಂದು ಕಡಿವಾಣ ಹಾಕಿತು. ಅದಕ್ಕೂ ಮೊದಲು, 1995ರ ಸೆಪ್ಟೆಂಬರ್ 21, ಗಣೇಶ ಹಾಲು ಕುಡಿದದ್ದು. ಆಗ ಜನರ ಕೈಯಲ್ಲಿ ಮೊಬೈಲೇ ಇರಲಿಲ್ಲ. ಮಧ್ಯಾಹ್ನದೊಳಗೆ ದೇಶವೆಲ್ಲ ಚಮಚ ಹಿಡಿದು ನಿಂತಿತ್ತು. ಮತ್ತೆ ನನ್ನ ಹೆಸರು ಎಲ್ಲಿಂದ ಬಂತು ಎಂದು ತೊಂಬತ್ತರ ದಶಕದವರಿಗೆ ಹೇಳಬೇಕಿಲ್ಲ. ರಾತ್ರಿ ಬಂದು ಕರೆಯುವ ದೆವ್ವ ವಾಪಸ್ ಹೋಗಲಿ ಎಂದು ಬಾಗಿಲ ಮೇಲೆ ಸುಣ್ಣದಲ್ಲಿ "ನಾಳೆ ಬಾ" ಎಂದು ಬರೆಯದ ಮನೆ ನಮ್ಮ ಓಣಿಯಲ್ಲಿ ಇರಲಿಲ್ಲ.

ತುಂಗಭದ್ರೆ ತೀರ
ಗಣೇಶನನ್ನು ಇದಕ್ಕೆ ಯಾಕೆ ಎಳೆಯುತ್ತೀರಿ? ಅದು ನಂಬಿಕೆ.

ನಾಳೆ ಬಾ
ಚಮಚದ ಹಾಲು ಕಲ್ಲಿಗೆ ತಾಗಿದರೆ ಮೇಲ್ಮೈ ಎಳೆತಕ್ಕೆ ಕೆಳಗೆ ಇಳಿಯುತ್ತದೆ. ನಂಬಿಕೆಗೆ ನನ್ನ ತಕರಾರಿಲ್ಲ. ಯಾರಿಗೂ ಪೆಟ್ಟು ಬೀಳಲಿಲ್ಲ, ಹಾಲಿನ ರೇಟು ಏರಿತು ಅಷ್ಟೇ.

ತುಂಗಭದ್ರೆ ತೀರ
ಎಲ್ಲ ಕಡೆ ದೇವರನ್ನು ತರದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲವೇನೋ.

ಸಿಂಧನೂರು ಮೇಷ್ಟ್ರು
ದಯವಿಟ್ಟು ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಆದರೆ ಒಂದು ವ್ಯತ್ಯಾಸ ಹೇಳುತ್ತೇನೆ. "ನಾಳೆ ಬಾ" ಒಂದು ಊರಿಂದ ಇನ್ನೊಂದು ಊರಿಗೆ ಬರಲು ಬಸ್ಸು ಬೇಕಿತ್ತು. ಬರುವಷ್ಟರಲ್ಲಿ ಅರ್ಧ ಜನ ನಗಾಡಿ ಬಿಟ್ಟಿರುತ್ತಿದ್ದರು. ಈಗ ನಗಲು ಸಮಯವೇ ಸಿಗುವುದಿಲ್ಲ.

ತೊಗರಿ ಹೊಲ
ಗ್ರೂಪಿನಲ್ಲಿ ಯಾರಾದರೂ ತಪ್ಪು ಹಾಕಿದರೆ ಅಡ್ಮಿನ್ ಜೈಲಿಗೆ ಹೋಗುತ್ತಾನಂತೆ, ಹೌದಾ? ಮೂರು ಕೆಂಪು ಟಿಕ್ ಬಂದರೆ ಸರ್ಕಾರ ಓದಿದೆ ಎಂದು ಅರ್ಥವಂತೆ. ನಮ್ಮ ಯುವಕ ಸಂಘದ ಗ್ರೂಪಿನ ಅಡ್ಮಿನ್ ನಾನು.

ಓದುವ ಹುಚ್ಚು
ಮೂರು ಟಿಕ್ ಪೂರ್ತಿ ಸುಳ್ಳು. ವಾಟ್ಸಾಪಿನಲ್ಲಿ ಮೂರನೇ ಟಿಕ್ ಇಲ್ಲವೇ ಇಲ್ಲ. ಅಡ್ಮಿನ್ ವಿಷಯದಲ್ಲಿ, ಸದಸ್ಯರು ಹಾಕಿದ್ದಕ್ಕೆ ಬರೀ ಅಡ್ಮಿನ್ ಎನ್ನುವ ಕಾರಣಕ್ಕೆ ಹೊಣೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೇ ಹಾಕಿದರೆ, ಇಲ್ಲ ಬೇಕೆಂದೇ ಕೈ ಜೋಡಿಸಿದರೆ ಬೇರೆ ಮಾತು.

ಕಲ್ಯಾಣ ರಸ್ತೆ
ಕಾನೂನು ಗಟ್ಟಿಯಾಗಬೇಕು ಅನ್ನುವವನು ನಾನು. ನಮ್ಮ ರಾಜ್ಯದಲ್ಲಿ 2025ರಲ್ಲಿ ಒಂದು ಕರಡು ಬಂತಲ್ಲ, ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು ಎಂದು.

ಬಳ್ಳಾರಿ ಬಿಸಿಲು
ಅದೇ ಕರಡಿಗೆ ಎಷ್ಟು ವಿರೋಧ ಬಂತು ಎಂದೂ ಹೇಳಿ. ಯಾವುದು ಸುಳ್ಳು ಎಂದು ತೀರ್ಮಾನಿಸುವವರು ಯಾರು? ಕೇಂದ್ರ ಸರ್ಕಾರ ತನ್ನ ವಿಷಯದ ಸುದ್ದಿಯನ್ನು ತಾನೇ ಸುಳ್ಳು ಎನ್ನುವ ಘಟಕ ಮಾಡಲು ಹೊರಟಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮ ಹೊಡೆದು ಹಾಕಿತು. ಪಕ್ಷ ಯಾವುದಾದರೂ ಇರಲಿ, ಕೋಲು ಕೈಗೆ ಬಂದರೆ ಮೊದಲು ಬೀಳುವುದು ಪ್ರಶ್ನೆ ಕೇಳಿದವನಿಗೆ. ಥಲಸ್ಸೀಮಿಯಾ ಎಂದ ನನಗೇ ಬಿದ್ದರೆ?

ಕಲ್ಯಾಣ ರಸ್ತೆ
ಮುರ್ಕಿಯಲ್ಲಿ ಸತ್ತವನ ಮನೆಯವರ ಮುಂದೆ ಈ ಮಾತು ಹೇಳಿ ನೋಡೋಣ.

ಬಳ್ಳಾರಿ ಬಿಸಿಲು
ಕೊಲೆಗೆ ಕೊಲೆಯ ಕಾನೂನು ಇದೆ. ಅದನ್ನು ಸರಿಯಾಗಿ ನಡೆಸಲಿ.

ಕಾರಟಗಿ ಮಿಲ್
ಕಾನೂನು ಬರಲಿ ಬಿಡಲಿ. ಎಡದಂಡೆ ತಮ್ಮಾ, ಅವ್ವನ ವಿಷಯ ಏನಾಯಿತು?

ಎಡದಂಡೆ ಕಾಲುವೆ
ಹೇಳುತ್ತೇನೆ. ಕುಷ್ಟಗಿ ಅಕ್ಕ ಹೇಳಿದ ಹಾಗೆ ಮಾಡಿದೆವು. ಪಕ್ಕದ ಮನೆಯಿಂದ ಒಂದು ಸೇರು ರೇಷನ್ ಅಕ್ಕಿ ತಂದು, ಅವ್ವನ ಕೈಯಲ್ಲೇ ಆರಿಸಿಸಿ, ನೆನೆಸಿಟ್ಟೆವು. ಹಿಟ್ಟಾಯಿತು. ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದ್ದು ಒಂದೇ: "ಮತ್ತ ಇದನ್ನ ಮೊದಲ ಯಾಕ ಹೇಳಲಿಲ್ಲ ಅವರು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಗ್ರೂಪಿನಲ್ಲಿ ಮಾತ್ರ ಏನೂ ಬದಲಾಗಿಲ್ಲ. ಕಾರಟಗಿ ಅಣ್ಣ ಬರೆದದ್ದನ್ನು ಅಲ್ಲಿ ಹಾಕಿದೆ. "ಇಷ್ಟು ಉದ್ದ ಯಾರು ಓದುತ್ತಾರೆ" ಎಂದು ಒಬ್ಬರು. ವಿಡಿಯೋ ಹಾಕಿದವರು ಈಗ ಹಾಲಿನ ಪುಡಿಯ ಬಗ್ಗೆ ಬೇರೆ ವಿಡಿಯೋ ಹಾಕಿದ್ದಾರೆ.

ಕುಷ್ಟಗಿ ಅಕ್ಕ
ಗ್ರೂಪಿನಲ್ಲಿ ಎಲ್ಲರ ಮುಂದೆ ತಿದ್ದಬೇಡಿ. ಹಾಕಿದವರು ದೊಡ್ಡವರು, ಮಾನ ಹೋಗುತ್ತದೆ ಎಂದು ಇನ್ನೂ ಗಟ್ಟಿ ಹಿಡಿಯುತ್ತಾರೆ. ಮನೆಗೆ ಹೋಗಿ, "ಕಾಕಾ, ಇದು ಯಾವೂರಿಂದು, ನಿಮಗ ಯಾರು ಕಳಿಸಿದ್ರು?" ಎಂದು ಕೇಳಿ. ಅವರೇ ಹಿಂದಕ್ಕೆ ಹುಡುಕಲಿ.

ಕಾರಟಗಿ ಮಿಲ್
ಕಾಕಾನನ್ನು ಮಿಲ್ಲಿಗೆ ಕರೆತನ್ನಿ, ಬೆರೆಸುವ ಯಂತ್ರ ತೋರಿಸುತ್ತೇನೆ. ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಲಿ. ವಿಡಿಯೋ ಹಾಕುವ ಚಟ ಇದ್ದವರಿಗೆ ಹಾಕಲು ಏನಾದರೂ ಬೇಕಲ್ಲ.

ರಾಯಚೂರು ಲ್ಯಾಬ್
ಇದು ಒಳ್ಳೆಯ ಐಡಿಯಾ. ಊರು, ದಿನಾಂಕ ಹೇಳಿ ರೆಕಾರ್ಡ್ ಮಾಡಿಸಿ. ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ.

ಸಿರುಗುಪ್ಪ ರೈತ
ಕಾರಟಗಿ ಅಣ್ಣ, ನಿಮ್ಮ ಮಿಲ್ಲಿನಲ್ಲಿ ಸೋನಾ ಮಸೂರಿ ಭತ್ತಕ್ಕೆ ಈಗ ಏನು ರೇಟು? ಇಲ್ಲಿ ಗ್ರೂಪಿನಲ್ಲಿ ಒಂದು ಬಂದಿದೆ, ನಂಬಲೋ ಬೇಡವೋ ಗೊತ್ತಾಗುತ್ತಿಲ್ಲ.

ಕಾರಟಗಿ ಮಿಲ್
ಇಲ್ಲಿ ಬರೆದರೆ ನಾಳೆ ನನ್ನ ಹೆಸರಿನಲ್ಲಿ ಅದೂ ಓಡಾಡುತ್ತದೆ. ಫೋನ್ ಮಾಡಿ.